ಎಡಗಿವಿಯ ಗುರುತು

ನಾನು ನಮ್ಮೂರಿನ ಪಶು ಸಖಿ. ಅಂದರೆ ಕುರಿಗಳಿಗೆ ಜಂತಿನ ಔಷಧಿ ಕುಡಿಸುವವಳು, ಲಸಿಕೆಯ ದಿನ ಮನೆಮನೆಗೆ ಹೇಳಿಬರುವವಳು, ಏನು ಕೆಟ್ಟರೂ ಮೊದಲು ಬೈಸಿಕೊಳ್ಳುವವಳು. ದೇವಸಮುದ್ರದ ಕಡೆಯ ಈ ಊರಲ್ಲಿ ಬೀದಿನಾಯಿಗಳು ಹೆಚ್ಚಾದಾಗ, ವಿಷ ಹಾಕುವುದು ಬೇಡ, ಮರಿ ಹಾಕದಂತೆ ಆಪರೇಷನ್ ಮಾಡಿಸೋಣ ಎಂದು ಕಟ್ಟೆಯ ಹತ್ತಿರ ಜನ ಸೇರಿಸಿ ಒಪ್ಪಿಸಿದವಳೂ ನಾನೇ. ಚಳ್ಳಕೆರೆಯಿಂದ ವ್ಯಾನ್ ಬಂದು ಏಳು ನಾಯಿಗಳನ್ನು ಹಿಡಿದೊಯ್ದಿತು. ಗಾಯ ಮಾಗಿದ ಮೇಲೆ ಅದೇ ಬೀದಿಗೆ ತಂದು ಬಿಟ್ಟಿತು. ಆಪರೇಷನ್ ಆಗಿದೆ ಎಂದು ತಿಳಿಯಲು ಎಲ್ಲದರ ಎಡಗಿವಿಯ ತುದಿ ಕತ್ತರಿಸಿದ್ದರು.

ನಮ್ಮಲ್ಲಿ ಕುರಿಗೂ ಕಿವಿಯಲ್ಲೇ ಗುರುತು. ಒಂದೊಂದು ಮನೆಗೆ ಒಂದೊಂದು ಬಗೆ. ಎಡಗಿವಿಯ ತುದಿ ಹಾರಿಸುವುದು ಊರಂಚಿನ ಮನೆಯ ಅಜ್ಜಿಯದು. ಹುಟ್ಟಿದಾಗಿನಿಂದ ನೋಡಿದ್ದು ಆಗ ನನಗೆ ಹೊಳೆಯಲೇ ಇಲ್ಲ. ತಲೆಯಲ್ಲಿ ಮಣ್ಣು ತುಂಬಿತ್ತೋ ಏನೋ.

ಕೆಲವು ವಾರಗಳ ನಂತರ ಒಂದು ಬೆಳಿಗ್ಗೆ ಅಜ್ಜಿಯ ಮನೆ ಮುಂದೆ ಗುಂಪು ಸೇರಿದೆ ಎಂದು ಕೇಳಿ ಓಡಿದೆ. ಪಕ್ಕದ ಬೀದಿಯ ಕುರಿಗಾರ ಕುರಿ ಕೂಡುವ ರೊಪ್ಪಕ್ಕೆ ನಾಯಿಗಳು ನುಗ್ಗಿ ಎರಡು ಮರಿಗಳನ್ನು ಕೊಂದಿದ್ದವು. ಅವನ ಕೈಯಲ್ಲೊಂದು ಬಕೆಟ್, ಅದರ ತುಂಬ ಮಾಂಸ. ವಾಸನೆಗೇ ಗೊತ್ತಾಯಿತು, ಹತ್ತಿಗೆ ಹೊಡೆಯುವ ಔಷಧಿ ಕಲಸಿದ್ದ.

“ಅಜ್ಜಿ, ಈ ನಾಯಿಗಳ ಕಿವಿ ನೋಡು. ನಿಮ್ಮನೆ ಗುರುತು ಐತೆ. ನಿಮ್ಮವು ಅಂತ ಕೇಳಾಕ್ ಬಂದೀನಿ. ಇಲ್ಲಾಂದಿದ್ರೆ ಇಷ್ಟೊತ್ತಿಗೆ ಹಾಕಿ ಮುಗಿಸ್ತಿದ್ದೆ.”

ಬೇರೆಯವರ ಗುರುತಿರುವ ಜೀವವನ್ನು ಅವರ ಮಾತಿಲ್ಲದೆ ಮುಟ್ಟುವುದು ನಮ್ಮಲ್ಲಿ ಇಲ್ಲ. ಅದೊಂದೇ ಅವನ ಕೈ ತಡೆದಿತ್ತು. ಅದು ಡಾಕ್ಟರು ಹಾಕಿದ ಗುರುತು ಎಂದು ನಾನು ಬಾಯಿಬಿಟ್ಟರೆ ಏಳು ನಾಯಿಗಳೂ ಯಾರವೂ ಅಲ್ಲ. ಬಾಯಿ ಮುಚ್ಚಿಕೊಂಡರೆ ಸತ್ತ ಮರಿಗಳ ದಂಡ ಏನೂ ಅರಿಯದ ಮುದುಕಿಯ ತಲೆಗೆ ಬರುತ್ತದೆ. ಅಜ್ಜಿ ಪೊರಕೆ ಹಿಡಿದೇ ನಾಯಿಗಳ ಕಿವಿ ನೋಡುತ್ತಿದ್ದಳು. ಮಾಂಸದ ವಾಸನೆಗೆ ಎರಡು ನಾಯಿಗಳು ಆಗಲೇ ಅವನ ಕಾಲ ಬಳಿ ಸುಳಿಯುತ್ತಿದ್ದವು. ಸುಮ್ಮನಿದ್ದುಬಿಡೋಣ ಎಂದೇ ಮೊದಲು ಅನ್ನಿಸಿತು, ಸುಳ್ಳು ಯಾಕೆ ಹೇಳಲಿ.

“ಅಣ್ಣಾ, ಅಜ್ಜಿದೇನೂ ತಪ್ಪಿಲ್ಲ. ಆಪರೇಷನ್ ಮಾಡ್ದಾಗ ಡಾಕ್ಟ್ರು ಕತ್ತರಿಸಿದ್ದು. ನಾನು ಹೇಳ್ಬೇಕಿತ್ತು, ಹೇಳ್ಲಿಲ್ಲ.”

“ಹಂಗಾದ್ರೆ ಇವು ಯಾರವೂ ಅಲ್ಲ,” ಎಂದು ಅವನು ಬಕೆಟ್ಟಿಗೆ ಕೈ ಹಾಕಿದ.

“ಕೈ ತೆಗಿಯಪ್ಪ,” ಅಂದಳು ಅಜ್ಜಿ. ದನಿ ಏರಿಸಲಿಲ್ಲ. “ಯಾರು ಕತ್ತರಿಸಿದ್ರೇನು, ಗುರುತು ನಮ್ಮನೇದು. ನಮ್ಮವೇ ಅನ್ಕೋ. ನಿನ್ನ ಎರಡು ಮರಿಗೆ ನಮ್ಮವು ಎರಡು ಹಿಡ್ಕೊಂಡು ಹೋಗು.”

“ಮರಿ ನನ್ನ ರೊಪ್ಪ ಸೇರೋಗಂಟ ಇದನ್ನ ಕೆಳಗಿಡಲ್ಲ,” ಅಂದ ಅವನು.

ಅಜ್ಜಿ ತನ್ನ ಹಿಂಡಿನಿಂದ ಎರಡು ಹೆಣ್ಣುಮರಿಗಳನ್ನು ಆರಿಸಿ, ಅವನಿಗೆ ಕೊಡದೆ ನನ್ನ ಕಂಕುಳಿಗೆ ತುರುಕಿದಳು. ಹಿಂದಿನಿಂದ ತಾಯಿಕುರಿಗಳು ಅರಚುತ್ತಿದ್ದವು. ಬೀದಿಯುದ್ದಕ್ಕೂ ಜನ ಬಾಗಿಲಿಗೆ ಬಂದು ನೋಡಿದರು. ಅವಮಾನಕ್ಕಿಂತ ಭಯವೇ ಹೆಚ್ಚಿತ್ತು. ಮುಂದೆ ಬಕೆಟ್ ಹಿಡಿದ ಅವನು, ನಡುವೆ ನಾನು, ನನ್ನ ಹಿಂದೆ ನಾಯಿಗಳು. ಒಂದು ತುಂಡು ಕೆಳಗೆ ಬಿದ್ದರೂ ಮುಗಿಯಿತು ಎಂದು ಅವನ ಕೈಯನ್ನೇ ನೋಡುತ್ತ ನಡೆದೆ. ರೊಪ್ಪದ ಬೇಲಿ ಮುಚ್ಚಿದ ಮೇಲೆ ಅವನು ಬಕೆಟ್ಟನ್ನು ನನ್ನ ಕಾಲ ಬಳಿ ಇಟ್ಟ. ಗುದ್ದಲಿಯನ್ನೂ ಅವನೇ ಕೊಟ್ಟ. ಆಳವಾಗಿ ಗುಂಡಿ ತೋಡಿ ಎಲ್ಲ ಹೂತು, ಮೇಲೆ ಕಲ್ಲು ಹೇರಿದೆ.

ಕೈ ತೊಳೆದು ಅಜ್ಜಿಯ ಹತ್ತಿರ ಹೋದಾಗ ಅವಳು ಮರಿ ಕಳೆದುಕೊಂಡ ಕುರಿಗಳ ಪಕ್ಕ ಕೂತಿದ್ದಳು. ತಪ್ಪಾಯಿತು ಎಂದೆ. ಅವಳು ತಲೆ ಎತ್ತಲಿಲ್ಲ.

“ಊರ್ನೆಲ್ಲಾ ಕೇಳಿ ಮಾಡಿದ್ದು ಅಂತ ಹೇಳ್ಕೊಂಡ್ ತಿರುಗ್ತೀಯ. ನನ್ ಹತ್ರ ಬಂದು ಕೇಳಿದ್ಯಾ?”

ಕೇಳಿರಲಿಲ್ಲ.