ಅವಳು ನಿಂತೇ ಇದ್ದಳು

ನಮ್ಮ ಮನೆಯಲ್ಲಿ ಅರಿಶಿನದ ಕಲೆಯಿಲ್ಲದ ವಸ್ತುವನ್ನು ಹುಡುಕುವುದು ಕಷ್ಟ. ಸಾಂಗ್ಲಿಯ ಪೇಟೆಯಲ್ಲಿ ಮೂರು ತಲೆಮಾರಿನಿಂದ ಅರಿಶಿನ ವ್ಯಾಪಾರ ಮಾಡಿಕೊಂಡು ಬಂದ ಮನೆಯಿದು. ದಿಂಬಿನ ಹೊದಿಕೆ, ಬಾಗಿಲ ಚಿಲಕ, ಗೋಡೆಯ ಕ್ಯಾಲೆಂಡರು, ಎಲ್ಲದರ ಮೇಲೂ ಯಾವುದೋ ಹಳದಿ ಬೆರಳು ಹಾದುಹೋಗಿರುತ್ತದೆ. ನಮ್ಮ ಹಳೆಯ ಬಿಳಿ ಕಾರಿನ ಸ್ಟಿಯರಿಂಗು ಕೂಡ ಹಾಗೆಯೇ. ಐವತ್ತು ದಾಟಿದ ಮೇಲೆ ನಾನು ಕಾರು ಕಲಿತಾಗ, ಆ ಹಳದಿಯನ್ನು ಹಿಡಿದು ಕೂತರೆ ನನ್ನ ಅಡುಗೆಮನೆಯಲ್ಲೇ ಕೂತಷ್ಟು ಧೈರ್ಯ ಬರುತ್ತಿತ್ತು. ಕಲಿಸಿದ ಮಾಸ್ತರರು ಸಹನೆಯ ಮನುಷ್ಯ. ಕ್ಲಚ್ಚನ್ನು ಮೆಲ್ಲಗೆ ಬಿಡುವುದು, ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡುವುದು, ಎಮ್ಮೆಗಳ ಹಿಂಡಿನ ನಡುವೆ ದಾರಿ ಮಾಡಿಕೊಳ್ಳುವುದು, ಎಲ್ಲವನ್ನೂ ಹೇಳಿಕೊಟ್ಟರು. ಅಪಘಾತವಾದ ಮೇಲೆ ಏನು ಮಾಡಬೇಕೆಂದು ಮಾತ್ರ ಹೇಳಲಿಲ್ಲ. ನಾನೂ ಕೇಳಲಿಲ್ಲ. ಹೊಸ ಮನೆಯ ಪಾಯ ತೋಡುವ ದಿನ ಯಾರಾದರೂ ಭೂಕಂಪದ ಮಾತೆತ್ತುತ್ತಾರೆಯೇ?

ನಾನು ಹುಟ್ಟಾ ಕನಸುಗಾರ್ತಿ ಎಂಬುದನ್ನು ನಿಮಗೆ ಮೊದಲೇ ಹೇಳಿಬಿಡಬೇಕು, ಮಿತ್ರರೇ. ಹಾಲು ಉಕ್ಕಿಸುವುದರಲ್ಲಿ ನನ್ನನ್ನು ಮೀರಿಸುವವರು ಓಣಿಯಲ್ಲಿ ಯಾರೂ ಇಲ್ಲ. ಬಸದಿಯಲ್ಲಿ ಪ್ರವಚನ ನಡೆಯುವಾಗ ಕಂಬದ ಮೇಲೆ ಜಾರುವ ಬಿಸಿಲನ್ನು ನೋಡುತ್ತ, ಎಲ್ಲರೂ ಎದ್ದುಹೋದ ಮೇಲೂ ಒಬ್ಬಳೇ ಕೂತವಳು ನಾನು. ಮನೆಯವರು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಒಳಗೊಳಗೆ ಅದೊಂದು ಒಡವೆಯೆಂದೇ ತಿಳಿದು ಧರಿಸಿಕೊಂಡಿದ್ದೆ.

ಅದು ಚಳಿಗಾಲದ ಬೆಳಗು. ಬುಧಗಾಂವದಲ್ಲಿರುವ ನಾದಿನಿಯ ಮನೆಗೆ ಒಬ್ಬಳೇ ಹೊರಟಿದ್ದೆ. ಎಡಗಡೆಯ ಕಬ್ಬಿನ ಗದ್ದೆಗಳ ಮೇಲೆ ಮಂಜು ಇನ್ನೂ ಎದ್ದಿರಲಿಲ್ಲ, ಅರ್ಧ ನಿದ್ದೆಯಲ್ಲಿ ಮಗ್ಗುಲು ಬದಲಿಸುತ್ತಿತ್ತು. ಅದರೊಳಗಿಂದ ಬೆಳ್ಳಕ್ಕಿಗಳ ಒಂದು ಸಾಲು ಸದ್ದಿಲ್ಲದೆ ಮೇಲೆದ್ದಿತು. ಏಳೋ ಎಂಟೋ ಇದ್ದವು. ಒಂದು ಮಾತ್ರ ಹಿಂದೆ ಬಿದ್ದು, ರೆಕ್ಕೆಯನ್ನು ಬೇಗಬೇಗ ಬಡಿಯುತ್ತ ಸಾಲನ್ನು ಸೇರಲು ಹೆಣಗುತ್ತಿತ್ತು. ಅದು ಸೇರಿತೋ ಇಲ್ಲವೋ ನೋಡಬೇಕೆನಿಸಿತು. ನೋಡುತ್ತಲೇ ಹೋದೆ. ನನ್ನ ಕೈಗಳು ಕಣ್ಣನ್ನು ಹಿಂಬಾಲಿಸಿ ಎಡಕ್ಕೆ ವಾಲಿದ್ದು ನನಗೆ ತಿಳಿಯಲೇ ಇಲ್ಲ. ಮುಂದಕ್ಕೆ ತಿರುಗಿದಾಗ, ಪಕ್ಕದ ದಾರಿ ಬಂದು ಕೂಡುವ ಜಾಗದಲ್ಲಿ, ರಸ್ತೆಯ ಅಂಚಿನಲ್ಲಿ ಸ್ಕೂಟರು ನಿಲ್ಲಿಸಿಕೊಂಡು ಒಂದು ಕಾಲು ನೆಲಕ್ಕೂರಿ ನಾನು ದಾಟಿಹೋಗಲೆಂದು ಕಾಯುತ್ತಿದ್ದ ಹೆಂಗಸೊಬ್ಬಳು ಕಂಡಳು. ಕಂಡಾಗ ತಡವಾಗಿತ್ತು.

ಸದ್ದು ದೊಡ್ಡದೇನಲ್ಲ. ಕಾರು ನಿಂತಿತ್ತು, ಎಂಜಿನ್ನು ಗುರುಗುಟ್ಟುತ್ತಿತ್ತು, ಮುಂದೆ ರಸ್ತೆ ಖಾಲಿಯಾಗಿತ್ತು. ಈ ಮಾತನ್ನು ನಾನು ಯಾರಿಗೂ ಹೇಳಿಲ್ಲ, ನಿಮಗೆ ಹೇಳುತ್ತೇನೆ: ಎರಡು ಉಸಿರಿನಷ್ಟು ಹೊತ್ತು ಮನಸ್ಸಿನಲ್ಲಿ ನಾನು ಹೊರಟುಹೋಗಿದ್ದೆ. ನಾದಿನಿಯ ಮನೆಯ ಜಗಲಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದೆ. ಆಮೇಲೆ ಅದು ಹೇಗೋ, ನನ್ನ ಕೈ ಕೀಲಿಯನ್ನು ತಿರುಗಿಸಿ ಎಂಜಿನ್ನನ್ನು ನಿಲ್ಲಿಸಿತು. ಅಪಘಾತವಾದ ಮೇಲೆ ಮಾಡಬೇಕಾದ ಮೊದಲ ಕೆಲಸ ಅದೇ ಎಂದು ಈಗ ಅನ್ನಿಸುತ್ತದೆ. ಕೀಲಿ ತಿರುಗಿದ ಮೇಲೆ ಮನುಷ್ಯ ಅಲ್ಲಿಯವನಾಗುತ್ತಾನೆ, ಆ ಜಾಗಕ್ಕೆ ಸೇರಿದವನಾಗುತ್ತಾನೆ.

ಅವಳು ಮಣ್ಣಿನಲ್ಲಿ ಅಡ್ಡಬಿದ್ದಿದ್ದಳು. ತಲೆಗೆ ಹೆಲ್ಮೆಟ್ಟಿತ್ತು. ಬಲಗೈ ಕೈ ಇರಬೇಕಾದ ಹಾಗೆ ಇರಲಿಲ್ಲ. ಬಟ್ಟೆಯ ಗಂಟು ಬಿಚ್ಚಿ ಜೋಳದ ರೊಟ್ಟಿಗಳು ಡಾಂಬರಿನ ತುಂಬ ಹರಡಿದ್ದವು, ಇನ್ನೂ ಬೆಚ್ಚಗೆ ಹಬೆಯಾಡುತ್ತಿದ್ದವು. "ಯವ್ವಾ, ಏನ ಮಾಡಿದೆ ನಾನು!" ಎಂದು ನನ್ನ ಬಾಯಿಂದ ಬಂದದ್ದು ಕನ್ನಡದಲ್ಲಿ. ಅವಳು ಕಣ್ಣು ತೆರೆದಳು.

"ನೀವ ಕನ್ನಡದವ್ರೇನ್ರಿ, ಮಾವಶಿ?" ಎಂದಳು, ಚಿಕ್ಕಮ್ಮನನ್ನು ಕರೆಯುವ ಹಾಗೆ.

"ಹೂಂ ತಂಗಿ. ಅಲುಗಾಡಬ್ಯಾಡ. ಹಂಗ ಮಲಕ್ಕೋ."

"ಕುಪವಾಡಕ್ಕ ರೊಟ್ಟಿ ಒಯ್ಯಬೇಕ್ರಿ. ಮಂದಿ ಹಸದಿರ್ತಾರ" ಎಂದು ಮತ್ತೆ ಕಣ್ಣು ಮುಚ್ಚಿದಳು.

ಗದ್ದೆಗಳಿಂದ ಜನ ಓಡಿಬಂದರು. "ಪಾಣೀ ಆಣಾ, ಪಾಣೀ!" ಎಂದೊಬ್ಬ ಮರಾಠಿಯಲ್ಲಿ ನೀರಿಗಾಗಿ ಕೂಗಿದ, ಇನ್ನೊಬ್ಬ ಅವಳ ತೋಳಿಗೆ ಕೈ ಹಾಕಿ ಎತ್ತಿ ಕಾರಿನಲ್ಲಿ ಹಾಕೋಣವೆಂದ. ಎತ್ತಬೇಡಿ, ಕತ್ತಿಗೆ ಪೆಟ್ಟಾಗಿದ್ದರೆ ಕೆಡುತ್ತದೆ ಎಂದು ಹೇಳಿ ಆಂಬುಲೆನ್ಸಿಗೆ ಫೋನು ಮಾಡಿದೆ, ನನ್ನ ಶಾಲನ್ನು ಅವಳಿಗೆ ಹೊದಿಸಿದೆ. ಇಷ್ಟನ್ನೆಲ್ಲ ಸರಿಯಾಗಿಯೇ ಮಾಡಿದೆ. ತಪ್ಪಿದ್ದು ಆಮೇಲೆ. ಪೊಲೀಸ್ ಹವಾಲ್ದಾರರು ಬಂದಾಗ, ಏನನ್ನೂ ಕಣ್ಣಾರೆ ಕಾಣದ ರೈತನೊಬ್ಬ, ಈ ಸ್ಕೂಟರಿನವರು ಪಕ್ಕದ ದಾರಿಯಿಂದ ಹಿಂದುಮುಂದು ನೋಡದೆ ನುಗ್ಗುತ್ತಾರೆ ಎಂದ. ಹವಾಲ್ದಾರರು ನನ್ನ ಕಡೆ ನೋಡಿದರು. ನಾನು ಬಾಯಿ ಬಿಡಲಿಲ್ಲ. ತಲೆ ಮಾತ್ರ ಒಂದು ಸಲ, ತುಸುವೇ, ಹೌದೆನ್ನುವಂತೆ ಬಾಗಿತು. ಅದು ಕಾಗದದ ಮೇಲೆ ಇಳಿಯಿತು.

ಅವಳ ಹೆಸರು ಮಹಾದೇವಿ. ಕನ್ನಡ ಮಾತಾಡುವ ಜತ್ತದ ಕಡೆಯ ತವರು, ಬುಧಗಾಂವದ ಗಂಡನ ಮನೆ. ದಿನಾ ನಸುಕಿನಲ್ಲಿ ಎಂಬತ್ತು ರೊಟ್ಟಿ ಬಡಿದು ಕುಪವಾಡದ ಕಾರ್ಖಾನೆಗಳ ಕೆಲಸಗಾರರು ಉಣ್ಣುವ ಖಾನಾವಳಿಗೆ ಮುಟ್ಟಿಸುವುದು ಅವಳ ಕಸುಬು. ಮಿರಜದ ಆಸ್ಪತ್ರೆಯಲ್ಲಿ ಮುಂಗೈಗೆ ಶಸ್ತ್ರಕ್ರಿಯೆಯಾಯಿತು. ಮೂರನೆಯ ದಿನ ನಾನು ಹಣ್ಣು ಹಿಡಿದುಕೊಂಡು ಹೋದಾಗ ದಿಂಬಿಗೊರಗಿ ಕೂತಿದ್ದಳು. ಅಪಘಾತದ್ದು ಏನೂ ನೆನಪಿಲ್ಲವಂತೆ. ನಸುಕಿನಲ್ಲಿ ಒಲೆ ಹೊತ್ತಿಸಿದ್ದು ನೆನಪಿತ್ತು, ಆಮೇಲೆ ಆಸ್ಪತ್ರೆಯ ಫ್ಯಾನು.

"ಪೊಲೀಸ್ರು ಹೇಳಿದ್ರು, ನಾನ ನುಗ್ಗೇನಂತ. ತಪ್ಪ ನಂದ ಐತ್ರಿ ಮಾವಶಿ. ನಿಮಗ ಸುಳ್ಳ ತ್ರಾಸ ಕೊಟ್ಟೆ. ನನ್ನ ಮಾಫ ಮಾಡ್ರಿ" ಎಂದು ಎಡಗೈಯಿಂದ ನನ್ನ ಕೈಯನ್ನು ಹಿಡಿದುಕೊಂಡಳು.

ಕ್ಷಮೆಯ ಭಾರವನ್ನು ನಾನು ಅಂದು ಅರಿತೆ. ಸಿಟ್ಟನ್ನಾದರೂ ತಡೆದುಕೊಳ್ಳಬಹುದು, ನಮಗೆ ಸಲ್ಲದ ಕ್ಷಮಾಯಾಚನೆಯನ್ನು ಕೈಯಲ್ಲಿ ಹಿಡಿದು ಕೂರುವುದು ಆಗದು. ಆದರೂ ಆ ದಿನ ಹೇಳಲಾಗಲಿಲ್ಲ. ಮನೆಗೆ ಬಂದು ಗಂಡನಿಗೆ ಎಲ್ಲವನ್ನೂ ಹೇಳಿದೆ. ಅವರು ಕೆಟ್ಟವರಲ್ಲ, ಅಂಜಿದರು, ಅಷ್ಟೇ.

"ಆಕಿನ ಒಪ್ಪಿಕೊಂಡಾಳಲ್ಲ. ದವಾಖಾನಿ ಖರ್ಚ ನಾವ ನೋಡಿಕೊಳ್ಳೋಣು. ಸುಮ್ಮನ ಯಾಕ ಕೆದಕತಿ? ಕೋರ್ಟ ಕಚೇರಿ ಅಂತ ಅಡ್ಡಾಡೋ ವಯಸ್ಸೇನು ನಿಂದು?"

"ಆಕಿ ನಿಂತಿದ್ಲು" ಎಂದೆ. "ನಾ ಹಾದು ಹೋಗ್ಲಿ ಅಂತ ನಿಂತೇ ಇದ್ಲು. ಇನ್ನ ಮ್ಯಾಲೆ ಪ್ರತಿ ಸಲ ರಸ್ತಾ ದಾಟುವಾಗ ತನ್ನ ಮ್ಯಾಲೆ ತನಗ ನಂಬಿಕಿ ಇರೂದಿಲ್ಲ ಆಕಿಗೆ. ಅದನ್ನ ಯಾವ ಖರ್ಚ ತುಂಬಿ ಕೊಡತೈತ್ರಿ?"

ಅವರು, "ನಾಳೆ ನಾನೂ ಬರ್ತೇನಿ" ಎಂದರು.

ಮರುದಿನ ಅವರು ವಾರ್ಡಿನ ಬಾಗಿಲಲ್ಲೇ ನಿಂತರು, ನಾನು ಒಳಗೆ ಹೋದೆ. ಬೆಳ್ಳಕ್ಕಿಗಳಿಂದ ಹಿಡಿದು ಬಾಗಿದ ತಲೆಯವರೆಗೆ ಒಂದನ್ನೂ ಬಿಡದೆ ಹೇಳಿದೆ. ಹೇಳುತ್ತ ಹೋದಂತೆ ನನ್ನ ಕನಸುಗಾರಿಕೆಯೆಂಬ ಒಡವೆ ಎಷ್ಟು ಅಗ್ಗದ್ದೆಂದು ನನ್ನ ಕಿವಿಗೇ ಕೇಳಿಸಿತು. ಮಹಾದೇವಿ ನನ್ನ ಮುಖವನ್ನೇ ನೋಡುತ್ತಿದ್ದಳು. ಬಳಿಕ ಕಿಟಕಿಯ ಕಡೆ ತಿರುಗಿದಳು.

"ನಾಕ ದಿನದಿಂದ ನನ್ನ ನಾನ ಬೈಕೋಳಾಕತ್ತೀನ್ರಿ" ಎಂದಳು ಕೊನೆಗೆ. "ನನ್ನ ಗಂಡನೂ ಬೈದಾನ. ನಿಮಗ ಗೊತ್ತಿತ್ತು, ಮತ್ತ ಸುಮ್ಮನ ಕುಂತಿದ್ರಿ."

"ಹೌದು."

"ಇವತ್ತ ಹೋಗ್ರಿ. ನಿಮ್ಮ ಮಾರಿ ನೋಡಾಕ ಆಗವಲ್ದು."

ಹೋದೆ. ಅಲ್ಲಿಂದ ನೇರ ಪೊಲೀಸ್ ಠಾಣೆಗೆ. ಬರೆದದ್ದನ್ನು ತಿದ್ದಿಸಿ ತಪ್ಪನ್ನು ತನ್ನ ಮೇಲೆ ಎಳೆದುಕೊಳ್ಳುವ ಗಿರಾಕಿ ಆ ಹವಾಲ್ದಾರರಿಗೆ ಮೊದಲ ಸಲ ಸಿಕ್ಕಿರಬೇಕು. ಪೆನ್ನನ್ನು ಹಿಡಿದು ನನ್ನನ್ನೂ ನನ್ನ ಗಂಡನನ್ನೂ ಎರಡೆರಡು ಬಾರಿ ನೋಡಿದರು. ಆಮೇಲೆ ಬರೆದುಕೊಂಡರು. ಮುಂದೆ ಕೋರ್ಟಿನಲ್ಲಿ ನಿಂತು ಒಪ್ಪಿಕೊಂಡೆ, ದಂಡ ಕಟ್ಟಿದೆ. ವಿಮೆಯವರು ಅವಳಿಗೆ ಸಲ್ಲಬೇಕಾದದ್ದನ್ನು ಸಲ್ಲಿಸಿದರು. ಕಾನೂನಿನ ಕೆಲಸ ಕಾನೂನಿಗೆ ಬೇಕಾದಷ್ಟು ದಿನ ಹಿಡಿದು ಮುಗಿಯಿತು.

ಮುಗಿಯದೆ ಉಳಿದದ್ದು ರೊಟ್ಟಿ. ಅವಳು ಆಸ್ಪತ್ರೆಯಿಂದ ಮನೆಗೆ ಬಂದಿದ್ದಾಳೆಂದು ತಿಳಿದ ವಾರವೇ ನಾನು ಮೊದಲ ಬಸ್ಸು ಹಿಡಿದು ಬುಧಗಾಂವಕ್ಕೆ ಹೋದೆ. ಕಾರನ್ನು ಆ ದಿನದಿಂದ ಮುಟ್ಟಿರಲಿಲ್ಲ. ಬಾಗಿಲಲ್ಲಿ ನಿಂತವಳನ್ನು ನೋಡಿ ಅವಳು ಒಳಗೆ ಬಾ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ.

"ರೊಟ್ಟಿ ಬಡ್ಯಾಕ ಬರ್ತದೇನ್ರಿ?"

"ಮನಿಪೂರ್ತೆ ಬರ್ತದ."

"ಎಂಬತ್ತ ಆಗಬೇಕ ನೋಡ್ರಿ" ಎಂದು ಹಿಟ್ಟು ನಾದುವ ಕೊಣಮಿಗೆಯನ್ನು ಕಾಲಿನಿಂದ ನನ್ನತ್ತ ಸರಿಸಿದಳು.

ಮೊದಲ ದಿನ ಮೂವತ್ತಕ್ಕೇ ಹೆಗಲು ಬಿದ್ದುಹೋಯಿತು. ಅವಳು ಪ್ಲಾಸ್ಟರಿನ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಮಣೆಯ ಮೇಲೆ ಕೂತು, "ಅಂಚ ಸೀಳಾಕತ್ತೈತಿ, ನೀರ ಹಚ್ಚರಿ", "ಹಂಚಿನ ಕಡೆ ಲಕ್ಷ ಇರ್ಲಿ, ಮಾವಶಿ" ಎಂದು ಗದರುತ್ತಿದ್ದಳು. ಬಡಿಯುವ ರೊಟ್ಟಿ ವಿಚಿತ್ರವಾದ ಗುರು. ಅಂಗೈಯ ಕೆಳಗೆ ತಿರುಗುತ್ತಿರುವಾಗ ಮನಸ್ಸು ಒಂದು ಗಳಿಗೆ ಬೇರೆಡೆ ಹೋದರೆ ಅದಕ್ಕೆ ಕೂಡಲೇ ಗೊತ್ತಾಗುತ್ತದೆ, ಹರಿದುಕೊಂಡು ತೋರಿಸುತ್ತದೆ. ಎರಡು ತಿಂಗಳು ಹೋದೆ. ಅವಳ ಗಂಡ ಕೆಲಸಕ್ಕೆ ಹೋಗುವಾಗ ಗಂಟನ್ನು ಒಯ್ದು ಕೊಡುತ್ತಿದ್ದ. ಮೊದಲು ನನ್ನೊಡನೆ ಮಾತಾಡುತ್ತಿರಲಿಲ್ಲ. ಒಂದು ದಿನ ಹೊಸ್ತಿಲಲ್ಲಿ ತಿರುಗಿ, "ನಿನ್ನೆ ರೊಟ್ಟಿ ಮೆತ್ತಗಿದ್ವು ಅಂದ್ರು ಮಂದಿ" ಎಂದು ಹೇಳಿ ಹೋದ.

ಪ್ಲಾಸ್ಟರು ತೆಗೆದರು. ಮುಂಗೈ ಮೊದಲಿನಷ್ಟು ತಿರುಗುವುದಿಲ್ಲ, ಇನ್ನು ಮುಂದೆಯೂ ತಿರುಗುವುದಿಲ್ಲವೆಂದು ಡಾಕ್ಟರರು ಸ್ಪಷ್ಟವಾಗಿ ಹೇಳಿದ್ದಾರೆ. ಹೇಳಿದ ದಿನ ಅವಳು ಅತ್ತಳು, ನಾನು ಸಮಾಧಾನ ಹೇಳಲಿಲ್ಲ. ಆ ಹಕ್ಕು ನನಗಿರಲಿಲ್ಲ. ಈಗ ಎಡಗೈಗೆ ಹೆಚ್ಚು ಕೆಲಸ ಕೊಟ್ಟು ಐವತ್ತು ಬಡಿಯುತ್ತಾಳೆ, ಉಳಿದದ್ದಕ್ಕೆ ಪಕ್ಕದ ಮನೆಯಾಕೆ ಕೂಡಿದ್ದಾಳೆ. ವಾರಕ್ಕೆರಡು ಸಲ ಕೈಗೆ ವ್ಯಾಯಾಮ ಮಾಡಿಸಿಕೊಳ್ಳಲು ಮಿರಜಕ್ಕೆ ಹೋಗಬೇಕು. ಅಷ್ಟು ದೂರ ಸ್ಕೂಟರು ಹಿಡಿದರೆ ಕೈ ನೋಯುತ್ತದೆ, ಬಸ್ಸಿನ ನೂಕಾಟದಲ್ಲಿ ಪೆಟ್ಟಾಗುತ್ತದೆ ಎಂದು ರಿಕ್ಷಾ ಹುಡುಕುತ್ತಿದ್ದ ನನಗೆ ಅವಳೇ ಹೇಳಿದಳು:

"ಮನ್ಯಾಗ ಗಾಡಿ ಇಟ್ಕೊಂಡ ರಿಕ್ಷಾ ಯಾಕ್ರಿ? ತಗೊಂಡ ಬರ್ರಿ."

"ನಾ ಬಿಟ್ಟೇನಿ ಮಹಾದೇವಿ, ನಡಸೂದು."

"ನಾ ಮತ್ತ ಸ್ಕೂಟರ್ ಹೊಡ್ಯಾಕತ್ತಿಲ್ಲೇನ್ರಿ? ತಗೊಂಡ ಬರ್ರಿ."

ಹೋದ ಮಂಗಳವಾರ ಕಾರನ್ನು ಅವಳ ಬಾಗಿಲಿಗೆ ಒಯ್ದೆ. ಹಿಂದಿನ ಬಾಗಿಲು ತೆರೆದೆ. ಅವಳು ಅದನ್ನು ಮುಚ್ಚಿ ಮುಂದೆ, ನನ್ನ ಪಕ್ಕದಲ್ಲಿ ಕೂತಳು. ಹೊರಟೆವು. ಕಣ್ಣನ್ನು ರಸ್ತೆಯ ಮೇಲೇ ಇಟ್ಟಿದ್ದೆ. ಕುಪವಾಡ ದಾಟುವವರೆಗೆ ಅವಳು ಏನೇನೋ ಮಾತಾಡುತ್ತಿದ್ದಳು: ಜೋಳ ಈ ಸಲ ಹುಳುಕು ಬಂದದ್ದು, ಪಕ್ಕದ ಮನೆಯಾಕೆ ಉಪ್ಪು ಮರೆಯುವುದು. ಮಾತು ನಿಧಾನವಾಯಿತು, ತುಂಡಾಯಿತು, ನಿಂತಿತು. ಏನಾಯಿತೆಂದು ಕ್ಷಣಮಾತ್ರ ನೋಡಿದೆ. ನಸುಕಿನಿಂದ ಒಲೆಯ ಮುಂದೆ ಕೂತು ದಣಿದ ಜೀವ. ಬಾಯಿ ತುಸು ತೆರೆದು, ಗಾಯದ ಗೆರೆಯಿದ್ದ ಕೈಯನ್ನು ಮಡಿಲಲ್ಲಿ ಮೇಲ್ಮುಖವಾಗಿ ಚೆಲ್ಲಿಕೊಂಡು, ನಿದ್ದೆ ಹೋಗಿದ್ದಳು.

ನಾನು ವೇಗ ಇಳಿಸಿದೆ. ಮಿರಜದವರೆಗೂ ಒಮ್ಮೆಯೂ ಹಾರ್ನು ಬಾರಿಸಲಿಲ್ಲ.