ಮಾವನವರ ಮಂಚದಿಂದ ಒತ್ತಿದ ರಿಮೋಟು

ಲಕ್ವಾ ಹೊಡೆದು ಮಾವನವರ ಬಲಗೈ ಬಲಗಾಲು ಬಿದ್ದುಹೋದ ವರ್ಷವೇ ಜೇವರ್ಗಿಯ ನಮ್ಮ ಮನೆಗೆ ರಿಮೋಟಿನ ಟಿವಿ ಬಂತು. ತೊಂಬತ್ತರ ದಶಕದ ಮೊದಲ ವರ್ಷಗಳು. ಮಾವನವರು ತೊಗರಿ ವ್ಯಾಪಾರದ ಅಡತಿ ಅಂಗಡಿ ನಡೆಸಿದ ಮನುಷ್ಯ. ಅವರು ಒಮ್ಮೆ ಗದರಿದರೆ ಹಮಾಲರು ಚೀಲ ಹೊತ್ತಲ್ಲೇ ನಿಲ್ಲುತ್ತಿದ್ದರಂತೆ. ಅಂಥವರು ಈಗ ಧೋತರ ಉಡಲೂ ಇನ್ನೊಬ್ಬರನ್ನು ಕಾಯಬೇಕಾಗಿತ್ತು, ಮಾತೂ ಅರ್ಧಂಬರ್ಧ. ಅದನ್ನು ನೋಡಲಾಗದೆ ನನ್ನ ಗಂಡ ಗುಲಬರ್ಗಾಕ್ಕೆ ಹೋಗಿ ಟಿವಿ ತಂದು, ರಿಮೋಟನ್ನು ಅಪ್ಪನ ಎಡಗೈಯಲ್ಲಿಟ್ಟರು.

ಮಾವನವರು ಮಗುವಿನಂತೆ ಖುಷಿಪಟ್ಟರು. ಬೇಕೆಂದೇ ಸೌಂಡು ಏರಿಸಿ ಅಡುಗೆಮನೆಯಲ್ಲಿದ್ದ ನಮ್ಮನ್ನು ಬೆಚ್ಚಿಬೀಳಿಸುತ್ತಿದ್ದರು. ನಾನು ಒಳಗಿನಿಂದಲೇ ಗೊಣಗುತ್ತಿದ್ದೆ. ಅತ್ತೆ ಮಾತ್ರ, "ಇರ್ಲಿ ಬಿಡವ್ವಾ, ಈಗ ಅವರ ಮಾತು ಕೇಳೂದು ಅದೊಂದೇ" ಎನ್ನುತ್ತಿದ್ದರು.

ಕೆಲವು ತಿಂಗಳು ಹೀಗೇ ನಡೆಯಿತು. ಆಮೇಲೆ ಒಮ್ಮೆ ಒತ್ತಿದರೆ ಹತ್ತುತ್ತಿದ್ದ ಟಿವಿ ಎರಡು ಮೂರು ಸಲ ಒತ್ತಿದರೆ ಹತ್ತತೊಡಗಿತು. ದಿನ ಕಳೆದಂತೆ ಅವರು ಹೆಬ್ಬೆರಳು ಬೆಳ್ಳಗಾಗುವಷ್ಟು ಒತ್ತಿದರೂ ಅದು ಜಪ್ಪೆನ್ನಲಿಲ್ಲ.

ಸೆಲ್ಲು ತೆಗೆದು ತಿಕ್ಕಿ ಹಾಕಿದೆವು. ಹೊಸ ಸೆಲ್ಲು ತಂದೆವು. ನನ್ನ ಗಂಡ ರಿಮೋಟು ಹಿಡಿದು ಟಿವಿಯ ಮುಂದೆ ನಿಂತು ಒತ್ತಿದರೆ ಚಕ್ಕನೆ ಹತ್ತುತ್ತಿತ್ತು. ನಾನು ಕಸ ಗುಡಿಸುತ್ತಾ ಅಲ್ಲೇ ನಿಂತು ಒತ್ತಿದರೂ ಹತ್ತುತ್ತಿತ್ತು. ಮಂಚಕ್ಕೆ ಒಯ್ದು ಮಾವನವರ ಕೈಗೆ ಕೊಟ್ಟರೆ ಇಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರದ ಟಿವಿ ರಿಪೇರಿ ಅಂಗಡಿಯವನು ಅದೇ ಕಂಪನಿಯ ಇನ್ನೊಂದು ಟಿವಿಗೆ ಒತ್ತಿ ತೋರಿಸಿ, "ರಿಮೋಟಿಗೇನೂ ಆಗಿಲ್ರಿ, ಛಲೋ ಅದ" ಎಂದು ವಾಪಸು ಕಳಿಸಿದ.

ಆ ಮಾತು ಕೇಳಿದ ಮೇಲೆ ಮಾವನವರ ಮುಖ ನೋಡಲಾಗಲಿಲ್ಲ. ಅವರ ಬಲಗೈಗೂ ಹೀಗೇ ಆಗಿತ್ತು. ಮೊದಲು ಅಂಗಿಯ ಗುಂಡಿ ಹಾಕಲು ಬರದಾಯಿತು, ಆಮೇಲೆ ಪೆನ್ನು ಜಾರಿತು, ಒಂದು ಬೆಳಿಗ್ಗೆ ಇಡೀ ಮೈ ಅರ್ಧ ಸತ್ತುಬಿದ್ದಿತ್ತು. ಇನ್ನೊಂದು ಕಡೆಗೂ ಬಂದೀತು, ಹುಷಾರಾಗಿರಿ ಎಂದು ಡಾಕ್ಟರು ಅವರ ಎದುರೇ ಹೇಳಿದ್ದರು.

ಆ ಸಂಜೆ ನನ್ನ ಗಂಡ ಅಡುಗೆಮನೆಯ ಬಾಗಿಲಲ್ಲಿ ನಿಂತು ಪಿಸುಗುಟ್ಟಿದರು.

"ಅಪ್ಪನ ಎಡಗೈನೂ ಸೋಲಾಕತ್ತದ ಅಂತ ಕಾಣ್ತದ. ನಾಳಿ ಜೀಪ್ ಮಾಡಿ ಸೊಲ್ಲಾಪುರಕ್ಕ ಕರ್ಕೊಂಡು ಹೋಗ್ತೇನಿ."

ಪಿಸುಮಾತು ಎನ್ನುವುದು ನಮ್ಮ ಮನೆಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ಪಡಸಾಲೆಯಲ್ಲಿ ರಿಮೋಟು ನೆಲಕ್ಕೆ ಬಿದ್ದ ಸದ್ದಾಯಿತು. ಹೋಗಿ ನೋಡಿದರೆ ಮಾವನವರು ಎಡಗೈಯನ್ನು ಕೌದಿಯೊಳಗೆ ಸೇರಿಸಿ ಗೋಡೆ ಕಡೆ ಮುಖ ಮಾಡಿದ್ದರು. ಅತ್ತೆ ರೊಟ್ಟಿ ಹಾಲಿನಲ್ಲಿ ಕಿವುಚಿ ತಂದರೂ ಬಾಯಿ ತೆರೆಯಲಿಲ್ಲ. ಅತ್ತೆ ಕಂಬಕ್ಕೆ ಒರಗಿ ಸೆರಗು ಬಾಯಿಗೆ ಒತ್ತಿಕೊಂಡರು. ಎರಡೂ ಕೈ ಹೋದರೆ ಈ ಮನುಷ್ಯ ಬದುಕುವುದಿಲ್ಲ, ಬದುಕಲು ಒಪ್ಪುವುದಿಲ್ಲ ಎಂದು ನಮ್ಮೆಲ್ಲರಿಗೂ ಗೊತ್ತಿತ್ತು.

ಮರುದಿನ ಬೆಳಿಗ್ಗೆ ನನ್ನ ಗಂಡ ಜೀಪಿಗೆ ಹೇಳಲು ಹೋದರು. ಅತ್ತೆ ಲಿಂಗಪೂಜೆಗೆ ಕೂತಿದ್ದರು. ನಾನು ಚಹಾ ಒಯ್ದೆ. ಮಾವನವರು ಕಣ್ಣು ಬಿಟ್ಟುಕೊಂಡೇ ಮಲಗಿದ್ದರು, ನನ್ನತ್ತ ತಿರುಗಲಿಲ್ಲ.

ನನಗೆ ಹೆದರಿಕೆಯಾದಾಗ ಸಿಟ್ಟು ಬರುತ್ತದೆ. ಹೆದ್ದಾರಿ ಬದಿಯ ನನ್ನ ತವರೂರು ಖಜೂರಿಯಿಂದ ಸೊಸೆಯಾಗಿ ಬಂದ ಹೊಸದರಲ್ಲೇ ಅತ್ತೆ ಅದನ್ನು ಕಂಡುಹಿಡಿದು, "ಇಕಿ ಲಾರಿ ಹಾದಿಯಾಗ ಬೆಳದಾಕಿ, ಹಾರ್ನ್ ಜೋರ್ ಅದ" ಎಂದು ಆಡಿಕೊಂಡಿದ್ದರು. ಆ ಬೆಳಿಗ್ಗೆಯೂ ಹಾಗೇ ಆಯಿತು. ಚಹಾದ ಕಪ್ಪು ಕುಕ್ಕಿ, ನೆಲದ ಮೇಲಿದ್ದ ರಿಮೋಟು ಎತ್ತಿಕೊಂಡೆ.

"ಏನಾಗ್ಯದ ಇದಕ್ಕ? ಹೆಂಗ ಹತ್ತಂಗಿಲ್ಲ, ನಾ ನೋಡೇ ಬಿಡ್ತೇನಿ!" ಎಂದು ಹೇಳಿ ದೊಪ್ಪನೆ ಕೂತೆ.

ಕೂತದ್ದು ಮಾವನವರ ಮಂಚದ ಮೇಲೆ. ನಮ್ಮಲ್ಲಿ ಸೊಸೆಯಾದವಳು ಮಾವನ ಎದುರು ಕುರ್ಚಿಯ ಮೇಲೂ ಕೂಡುವುದಿಲ್ಲ. ಮಂಚವಂತೂ ದೂರದ ಮಾತು. ಅತ್ತೆಯೇ ಆ ಮಂಚದ ಕೆಳಗೆ ನೆಲದ ಮೇಲೆ ಕೂತು ಕಾಲೊತ್ತುತ್ತಿದ್ದರು. ನನ್ನ ಗಂಡನೂ ಅಪ್ಪನ ಸಮಕ್ಕೆ ಕೂತವರಲ್ಲ. ಸಿಟ್ಟಿನಲ್ಲಿ ನನಗೆ ಯಾವುದರ ಖಬರೂ ಇರಲಿಲ್ಲ. ರಿಮೋಟನ್ನು ಟಿವಿಯ ಕಡೆ ಚಾಚಿ ಒತ್ತಿದೆ.

ಟಿವಿ ಹತ್ತಲಿಲ್ಲ.

ಮತ್ತೆ ಒತ್ತಿದೆ. ಎರಡೂ ಕೈ ಕೂಡಿಸಿ, ಹಲ್ಲು ಕಚ್ಚಿ, ಹುರುಳಿ ಬೀಸುವಷ್ಟು ಬಲ ಹಾಕಿ ಒತ್ತಿದೆ. ಆಗಲೂ ಇಲ್ಲ. ಆ ಕ್ಷಣ ನನಗಾದ ಸಂತೋಷವನ್ನು ಹೇಗೆ ಹೇಳಲಿ! ಮೊದಲ ಮಗ ಹುಟ್ಟಿದಾಗಲೂ ನಾನು ಹಾಗೆ ಕೂಗಿರಲಿಕ್ಕಿಲ್ಲ.

"ಮಾವಾರ, ನನ್ನ ಕೈಯಾಗೂ ಆಗವಲ್ದು ನೋಡ್ರಿ! ನನಗೇನು ಲಕ್ವಾ ಹೊಡದದೇನ್ರಿ?"

ಮಾವನವರು ತಲೆ ಹೊರಳಿಸಿದರು. ಪೂಜೆ ಅರ್ಧಕ್ಕೇ ಬಿಟ್ಟು ಅತ್ತೆ ಓಡಿಬಂದರು. ನಾನು ಮಂಚದ ಮೇಲಿರುವುದನ್ನು ಕಂಡು ಅವರ ಬಾಯಿ ತೆರೆದೇ ಉಳಿಯಿತು. ಬೈಯುವ ಮೊದಲೇ ನಾನು ಹೇಳಿದೆ, "ಅತ್ತಿ, ಆಮ್ಯಾಲ ಬೈರಿ. ನಾವೆಲ್ಲಾ ಟಿವಿ ಹತ್ತಿರ ನಿಂತು ಒತ್ತೀವಿ. ಇವರು ಇಲ್ಲಿಂದ ಒತ್ತಾಕತ್ತಾರ. ಇಲ್ಲಿಂದ ಯಾರು ಒತ್ತಿದ್ರೂ ಹತ್ತಂಗಿಲ್ಲ. ಅದರ ಮುಂದ ಏನರೆ ಅಡ್ಡ ಅದೇನು ನೋಡ್ರಿ."

ಅತ್ತೆ ಟಿವಿಯ ಮುಂದೆ ಬಗ್ಗಿ ನೋಡಿದರು. "ಏನೂ ಇಲ್ಲವ್ವಾ."

ಅವರು ಬಗ್ಗಿದಾಗಲೇ ನನಗೆ ಕಂಡಿತು. ಪರದೆಯ ಕೆಳಗೆ ಮೂರು ಬೆರಳಗಲದ ಒಂದು ಕಪ್ಪು ಗಾಜಿತ್ತು. ರಿಮೋಟಿನಿಂದ ಹೊರಡುವ, ನಮ್ಮ ಕಣ್ಣಿಗೆ ಕಾಣದ ಬೆಳಕು ಅದರೊಳಗೇ ಹೋಗಬೇಕು. ಆ ಗಾಜಿನ ತುಂಬಾ ಮೂರು ಬೆರಳಿನ ವಿಭೂತಿ, ಒಂದರ ಮೇಲೊಂದು ಪದರುಗಟ್ಟಿ ಸುಣ್ಣದ ಗೋಡೆಯಂತಾಗಿತ್ತು. ಹತ್ತಿರದಿಂದ ಒತ್ತಿದರೆ ಹೇಗೋ ತೂರುತ್ತಿತ್ತು, ಮಂಚದಷ್ಟು ದೂರದಿಂದ ತೂರುತ್ತಿರಲಿಲ್ಲ. ಬಾಗಿಲು, ತಿಜೋರಿ, ಬೀಸುಕಲ್ಲು, ಎಲ್ಲಕ್ಕೂ ವಿಭೂತಿ ಹಚ್ಚುವ ಮನೆ ನಮ್ಮದು. ದಿನಾ ಕಾಣುತ್ತಿದ್ದ ಅದನ್ನು ಯಾರೂ ನೋಡಿರಲಿಲ್ಲ.

"ಅತ್ತಿ, ಆ ಇಬತ್ತಿ ಒರಸ್ರಿ."

ಅತ್ತೆಯ ಮುಖ ಇಳಿಯಿತು. "ಅವರ ಕಣ್ಣು ದಿನಾ ಅಲ್ಲೇ ಇರ್ತಾವಂತ ಹಚ್ಚೀನವ್ವಾ. ನೋಡಿದಾಗೊಮ್ಮೆ ಇಬತ್ತಿ ಕಂಡ್ರ ಆ ಕೈಯರೆ ಉಳೀತದ ಅಂತ."

ಸೆರಗನ್ನು ನೀರಲ್ಲಿ ಅದ್ದಿ, ಗಾಜನ್ನು ತಿಕ್ಕಿ ತಿಕ್ಕಿ ಒರೆಸಿದರು. ನಾನು ರಿಮೋಟನ್ನು ಮಾವನವರ ಮುಂದೆ ಹಿಡಿದೆ. ಅವರು ಕೈ ಹೊರಗೆ ತೆಗೆಯಲಿಲ್ಲ. ಮತ್ತೊಮ್ಮೆ ಸೋಲುವ ಧೈರ್ಯ ಅವರಿಗಿರಲಿಲ್ಲ. ಅತ್ತೆ ಟಿವಿಯ ಪಕ್ಕದಲ್ಲೇ ಕೈ ಜೋಡಿಸಿ ನಿಂತಿದ್ದರು. ಕೊನೆಗೆ ಕೌದಿ ಅಲುಗಾಡಿತು. ಎಡಗೈ ಹೊರಬಂದು ರಿಮೋಟು ಹಿಡಿಯಿತು, ಹೆಬ್ಬೆರಳು ಗುಂಡಿಯ ಮೇಲೆ ಕೂತಿತು.

ಟಿವಿ ಒಂದೇ ಸಲಕ್ಕೆ ಹತ್ತಿತು. ಆರಿಸಿದರು. ಮತ್ತೆ ಹತ್ತಿಸಿದರು. ಮತ್ತೆ ಆರಿಸಿದರು. ಅವರ ಕಣ್ಣಿನ ಅಂಚಿನಿಂದ ನೀರು ದಿಂಬಿಗೆ ಇಳಿಯಿತು.

ಆಗ ನಾನೆಲ್ಲಿ ಕೂತಿದ್ದೇನೆಂಬ ಎಚ್ಚರ ಬಂದು ನಾಚಿಕೆಯಿಂದ ಸೆರಗು ಎಳೆದುಕೊಂಡು ಏಳಹೋದೆ. ಮಾವನವರು ರಿಮೋಟು ಬಿಟ್ಟು ನನ್ನ ಮುಂಗೈ ಹಿಡಿದರು. ಎಷ್ಟು ಬಿಗಿಯಾಗಿ ಹಿಡಿದರೆಂದರೆ ಎರಡು ಗಾಜಿನ ಬಳೆ ಅಲ್ಲೇ ಚಟಕ್ಕನೆ ಒಡೆದವು.

"ಬಿಡ್ರೀ, ಹುಡುಗಿ ಕೈಗೆ ಚುಚ್ಚತದ!" ಎಂದು ಅತ್ತೆ ಅಳುತ್ತಲೇ ನಕ್ಕರು.

ಮಾವನವರು ಬಿಡಲಿಲ್ಲ. ಸೊಟ್ಟಗಾದ ಬಾಯಿಂದ ಬಲು ಕಷ್ಟಪಟ್ಟು ಒಂದು ಮಾತು ಹೊರಗೆ ತಂದರು.

"ಕೂಡವ್ವಾ."

ನಾನು ಕೂತೆ.