ಸಿಪ್ಪೆ ಬೀಳದ ಬಾಗಿಲು

ಚಳಿಗಾಲ ಬಂತೆಂದರೆ ನಮ್ಮ ದೊಡ್ಡಮ್ಮನ ಬಲಗೈ ಹೆಬ್ಬೆರಳಿನ ಉಗುರು ಕಪ್ಪಾಗುತ್ತಿತ್ತು. ಅವರೆಕಾಯಿ ಸುಲಿದು ಸುಲಿದು ಹತ್ತಿದ ಕಪ್ಪು. ಹುಣಸೆಹಣ್ಣು ಹಾಕಿ ತಿಕ್ಕಿದರೂ ಬಿಡುತ್ತಿರಲಿಲ್ಲ. ತಿಕ್ಕುವ ಮನಸ್ಸೂ ಅವಳಿಗಿರಲಿಲ್ಲವೆನ್ನಿ. ಮದುವೆ ಮನೆಗೂ ಅದೇ ಉಗುರಿನಲ್ಲಿ ಹೋಗಿ, ಹೊಸ ಬಳೆ ತೋರಿಸುವವರ ನಡುವೆ ಕೂತು ಊಟ ಮಾಡಿಕೊಂಡು ಬರುತ್ತಿದ್ದಳು.

ಅವ್ವ ತೀರಿಕೊಂಡ ಮೇಲೆ ನನ್ನನ್ನು ಅಜ್ಜಂಪುರಕ್ಕೆ ಕರೆದುಕೊಂಡು ಹೋಗಿ ಸಾಕಿದವಳು ಅವ್ವನ ಅಕ್ಕನಾದ ಇವಳು. ನನ್ನ ಓದಿನ ಬಗ್ಗೆ ಅವಳು ಎಂದೂ ಗದರಲಿಲ್ಲ, ಊಟದ ಬಗ್ಗೆ ಮಾತ್ರ ಬಿಡುತ್ತಿರಲಿಲ್ಲ. ಚಳಿ ಶುರುವಾದರೆ ಸಜ್ಜೆ ರೊಟ್ಟಿ, ಹುಚ್ಚೆಳ್ಳಿನ ಚಟ್ನಿಪುಡಿ, ಎಳೆ ಕಡಲೆಸೊಪ್ಪು, ಹಸಿ ತೊಗರಿಕಾಳು. ಕೈಕಾಲು ಒಡೆಯುತ್ತವೆ ಎಂದು ನಾನು ಅಂಗಡಿಯಿಂದ ಕ್ರೀಮ್ ತಂದರೆ, ಹೊಟ್ಟೆಗೆ ಎಳ್ಳು ಬಿದ್ದಿದ್ದರೆ ಇದೆಲ್ಲ ಯಾಕೆ ಬೇಕಿತ್ತು ಎಂದು ಮೂಗು ಮುರಿಯುತ್ತಿದ್ದಳು. ಬೇಸಿಗೆಯಲ್ಲಿ ಒಮ್ಮೆ ದೊಡ್ಡಪ್ಪ ಪ್ಯಾಕೆಟ್ಟಿನ ಹಸಿ ಬಟಾಣಿ ತಂದಿದ್ದಕ್ಕೆ ವಾರವಿಡೀ ಆಡಿಕೊಂಡಿದ್ದಳು. "ಕಾಲ ತಪ್ಪಿ ಬಂದಿದ್ದು ಮೈಗೆ ಹತ್ತಲ್ಲ ಕಣೇ" ಎನ್ನುವುದು ಅವಳ ಕಡೆಯ ಮಾತು.

ಅವರೆಕಾಯಿ ಸಿಪ್ಪೆಯನ್ನು ಬೀದಿಗೆ ಚೆಲ್ಲುವುದು ನಮ್ಮ ಕಡೆಯ ರೂಢಿ. ಹತ್ತು ಜನ ತುಳಿದಷ್ಟೂ ಸೊಗಡು ಹೆಚ್ಚುತ್ತದಂತೆ. ನಮ್ಮನೆಯಲ್ಲೂ ಅವರೆ ತಂದೆವು ಎನ್ನುವ ಜಂಬವೂ ಅದರಲ್ಲಿ ಇತ್ತು. ದೊಡ್ಡಮ್ಮ ಬೆಳಿಗ್ಗೆ ಹಾಲಿಗೆ ಹೋಗುವಾಗ ಬೀದಿಯ ಎರಡೂ ಬದಿ ನೋಡಿಕೊಂಡು ಹೋಗುತ್ತಿದ್ದಳು. ಯಾರ ಬಾಗಿಲಲ್ಲಿ ಇನ್ನೂ ಸಿಪ್ಪೆ ಬಿದ್ದಿಲ್ಲವೋ ಆ ಮನೆಗೆ ಮಧ್ಯಾಹ್ನ ನೆನೆಸಿದ ಕಾಳಿನ ಪಾತ್ರೆ ಹಿಡಿದು ಹೊರಡುತ್ತಿದ್ದಳು. ಕೈ ನೋಯುತ್ತಿದೆ, ಇದನ್ನು ಹಿಸುಕಿ ಬೇಳೆ ಮಾಡಿಕೊಡಿ, ಅರ್ಧ ನೀವಿಟ್ಟುಕೊಳ್ಳಿ ಎಂದು ಕೇಳಿಕೊಳ್ಳುತ್ತಿದ್ದಳು. ಕೊಟ್ಟೆ ಅನ್ನಿಸಿಕೊಳ್ಳದ ಹಾಗೆ ಕೊಡುವ ಉಪಾಯ. ಬೀದಿಯ ಕೊನೆಯ ಟೈಲರ್ ಸಾಬರ ಮನೆಗೆ ಹೀಗೆ ಎಷ್ಟು ವರ್ಷ ಹೋಗಿದ್ದಳೋ. ಅಷ್ಟು ಗಟ್ಟಿ ಕೈಗೆ ಎಲ್ಲಿಯ ನೋವು? ನಮಗೆಲ್ಲ ಗೊತ್ತಿತ್ತು, ಅವರಿಗೂ ಗೊತ್ತಿದ್ದಿರಬೇಕು.

ಇಂಥವಳ ಕಿಡ್ನಿ ಹೋಯಿತು. ಯಾವಾಗಿನಿಂದಲೋ ಇದ್ದ ಬಿ.ಪಿ.ಯನ್ನು ಯಾರೂ ನೋಡಿರಲಿಲ್ಲ. ಸೊಪ್ಪುಸದೆ ತಿಂದವಳಿಗೆ ಇದೆಂಥ ಕಾಯಿಲೆ ಎಂದು ಬಂದವರೆಲ್ಲ ಕೇಳುವವರೇ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಕಡೂರಿನಲ್ಲಿ ಸಂಸಾರ ಮಾಡಿಕೊಂಡಿದ್ದ ನಾನು ವಾರದ ಹೆಚ್ಚು ದಿನ ಅಜ್ಜಂಪುರದಲ್ಲೇ ಉಳಿಯತೊಡಗಿದೆ. ಡಯಾಲಿಸಿಸ್‌ಗೆ ತರೀಕೆರೆಗೆ ಕರೆದುಕೊಂಡು ಹೋಗುವುದು, ಅಡುಗೆ ಮಾಡುವುದು ನನ್ನ ಪಾಲಿಗೆ ಬಂತು. ಡಾಕ್ಟರು ಪಥ್ಯ ಹೇಳಿದರು. ಸೊಪ್ಪು, ಎಳ್ಳು, ಕಾಯಿ, ಅವರೆ ಯಾವುದೂ ಕೂಡದು, ಅದರಲ್ಲಿನ ಸತ್ವವೇ ಅವಳ ರಕ್ತದಲ್ಲಿ ನಿಂತು ಹೃದಯ ನಿಲ್ಲಿಸಬಹುದು ಅಂದರು. ಉಳಿದ ತರಕಾರಿಯನ್ನೂ ಕುದಿಸಿ, ನೀರು ಬಸಿದು ಚೆಲ್ಲಿ, ಮತ್ತೆ ಬೇಯಿಸಿ ಕೊಡಬೇಕು. ಚಳಿಗಾಲದಲ್ಲಿ ಅವಳು ನಮಗೆ ಉಣ್ಣಿಸಿದ್ದೆಲ್ಲ ಅವಳಿಗೇ ವಿಷವಾಯಿತು. ನಾನು ಬಸಿಯುವಾಗ ಆ ಬಣ್ಣದ ನೀರು ಬಚ್ಚಲಿಗೆ ಹೋಗುವುದನ್ನು ಅವಳು ಸುಮ್ಮನೆ ನೋಡುತ್ತಿದ್ದಳು.

ಆ ವರ್ಷ ಅವಳೆದುರು ಬೇಡವೆಂದು ನಾನೂ ದೊಡ್ಡಪ್ಪನೂ ಮಾತಾಡಿಕೊಂಡು ಮನೆಗೆ ಅವರೆ ತರುವುದನ್ನೇ ಬಿಟ್ಟೆವು. ನಮ್ಮ ಬಾಗಿಲಲ್ಲಿ ಸಿಪ್ಪೆ ಬೀಳಲಿಲ್ಲ. ಅದನ್ನು ಬೀದಿ ನೋಡಿತು.

ಒಂದು ಮಧ್ಯಾಹ್ನ ಟೈಲರ್ ಸಾಬರ ಹೆಂಡತಿ ಮುಚ್ಚಳದ ಡಬ್ಬಿ ಹಿಡಿದು ಬಂದರು. ಸಾವಿನ ಮನೆಯ ಕಳೆ ಹೊತ್ತು ಬರುವ ನೆಂಟರ ಹಾಗಲ್ಲ, ನಗುತ್ತಾ ಬಂದರು. ಡಬ್ಬಿಯಲ್ಲಿ ಹಿಸುಕಿದ ಬೇಳೆ ಸಾರು. ಹುಷಾರಿಲ್ಲ ಅಂತಷ್ಟೇ ಅವರಿಗೆ ಗೊತ್ತಿತ್ತು, ಪಥ್ಯದ ವಿಷಯ ಗೊತ್ತಿರಲಿಲ್ಲ. "ಕೈ ನೋವು ಅಂತಿದ್ರಲ್ಲಮ್ಮ, ಈ ಸಲ ನಾನೇ ಹಿಸುಕಿ ತಂದೆ" ಅಂದರು.

ನಾನು ಬಾಯಿ ತೆರೆಯುವಷ್ಟರಲ್ಲಿ ದೊಡ್ಡಮ್ಮ ಕಣ್ಣಲ್ಲೇ ತಡೆದಳು. ಎರಡೂ ಕೈಯಲ್ಲಿ ಡಬ್ಬಿ ತೆಗೆದುಕೊಂಡು, ಊಟಕ್ಕೆ ಹಾಕಿಕೊಳ್ಳುತ್ತೇನೆ ಎಂದು ಹೇಳಿ, ಅವರ ಮಕ್ಕಳನ್ನೆಲ್ಲ ವಿಚಾರಿಸಿ ಕಳಿಸಿದಳು. ಆಮೇಲೆ ಮುಚ್ಚಳ ತೆಗೆದು ಮುಖದ ಹತ್ತಿರ ಹಿಡಿದುಕೊಂಡಳು. ಕಸಿದುಕೊಳ್ಳಲೂ ಆಗಲಿಲ್ಲ, ತಿನ್ನು ಎನ್ನಲೂ ಆಗಲಿಲ್ಲ. ಬಹಳ ಹೊತ್ತಾದ ಮೇಲೆ ಅವಳು ಡಬ್ಬಿಯನ್ನು ನನ್ನ ಕಡೆ ಚಾಚಿದಳು.

ಅವಳೆದುರೇ ಮುದ್ದೆ ಮುರಿದು ತಿಂದೆ. ಹೇಗಿದೆ ಎಂದು ಕೇಳಿದಳು. ಅವಳಿಗೆ ಸಂಕಟವಾಗದಿರಲಿ ಎಂದು, ಸೊಗಡೇ ಇಲ್ಲ ದೊಡ್ಡಮ್ಮ, ಸಪ್ಪೆ ಅಂದೆ.

"ಸುಳ್ಳು ಹೇಳ್ಬ್ಯಾಡ ಕಣೇ. ಚೆನ್ನಾಗಿದ್ರೆ ಚೆನ್ನಾಗೈತೆ ಅನ್ನು. ನಂಗೂ ಅಷ್ಟು ಸಿಗ್ಲಿ."

ಚೆನ್ನಾಗಿದೆ ಅಂದೆ. ಬೇಳೆ ಬೆಣ್ಣೆಯ ಹಾಗೆ ಬೆಂದಿದೆ, ಹಸಿಮೆಣಸು ಹದವಾಗಿದೆ, ಕೊತ್ತಂಬರಿ ಸ್ವಲ್ಪ ಜಾಸ್ತಿಯಾಗಿದೆ ಎಂದು ಒಂದೊಂದೇ ಹೇಳಿದೆ. ಅವಳು ಕಣ್ಣು ಮುಚ್ಚಿ ಕೇಳುತ್ತಾ ತಲೆಯಾಡಿಸಿದಳು. ನಾನು ಅಳುತ್ತಲೇ ಅಷ್ಟನ್ನೂ ತಿಂದು ಮುಗಿಸಿದೆ.

ಸಂಕ್ರಾಂತಿಗೆ ಮೊದಲೇ ಅವಳು ಹೋದಳು. ಹನ್ನೊಂದನೇ ದಿನ ಎಡೆಗೆ ಸತ್ತವರಿಗೆ ಇಷ್ಟವಾದದ್ದನ್ನೇ ಮಾಡಬೇಕು. ಏನು ಮಾಡಬೇಕೆಂದು ಮನೆಯಲ್ಲಿ ಯಾರೂ ಯಾರನ್ನೂ ಕೇಳಲಿಲ್ಲ. ಸ್ನಾನ ಮಾಡಿ ಒಲೆಯ ಮುಂದೆ ನಿಂತು ಹಿಸುಕಿದ ಬೇಳೆಯನ್ನು ಬೇಯಲಿಟ್ಟೆ. ಒಂದು ಕುದಿ ಬಂದ ಕೂಡಲೇ ಪಾತ್ರೆ ಇಳಿಸಿ, ತಟ್ಟೆ ಅಡ್ಡ ಹಿಡಿದು, ಸೊಗಡಿನ ನೀರನ್ನೆಲ್ಲ ಬಚ್ಚಲಿಗೆ ಬಸಿದುಬಿಟ್ಟಿದ್ದೆ. ಕೊನೆಯ ಹನಿ ಬಿದ್ದ ಮೇಲೆ ಎಚ್ಚರವಾಯಿತು. ಇನ್ನು ಅವಳಿಗೆ ಯಾವ ಪಥ್ಯವೂ ಇರಲಿಲ್ಲ.